ತೂಕದವರ ಫೀಲ್ಡು

ಆಧಾರ್ ಕಾರ್ಡಿನಲ್ಲಿ ನಾನು ಬರೀ ಟಿ.
ಟಿ. ಗುರುಶಾಂತಮ್ಮ.
ಆ ಚುಕ್ಕೆಯ ಹಿಂದೆ ಯಾರಿದ್ದಾರೆಂದು
ಬ್ಯಾಂಕಿನ ಹುಡುಗ ಕೇಳುವುದಿಲ್ಲ.
ಆಟೋದವನಿಗೆ ಮಾತ್ರ ಪೂರ್ತಿ ಹೇಳಬೇಕು:
ತೂಕದವರ ಫೀಲ್ಡಿಗೆ ಬಿಡಪ್ಪ,
ಮಂಡಕ್ಕಿ ಭಟ್ಟಿ ದಾಟಿ, ಮುಚ್ಚಿದ ಮಿಲ್ಲಿನ ಹಿಂದೆ.
ಇಪ್ಪತ್ತು ರೂಪಾಯಿ ಜಾಸ್ತಿ ಕೇಳುತ್ತಾನೆ
ಮನೆತನದ ಹೆಸರು ಹೇಳಿದ್ದಕ್ಕೆ.

ನಮ್ಮದಲ್ಲ ಆ ನೆಲ. ಎಂದೂ ಆಗಿರಲಿಲ್ಲ.
ನೆಲ ಮಿಲ್ಲಿನವರದು, ತಕ್ಕಡಿಯೂ ಅವರದೇ,
ತಕ್ಕಡಿ ಪಕ್ಕ ನಿಲ್ಲುವ ಕೆಲಸ ಅಜ್ಜನದು.
ಜಗಳೂರು, ಚಳ್ಳಕೆರೆ ಕಡೆಯ ಹತ್ತಿ ಗಾಡಿಗಳು
ರಾತ್ರಿಯಿಡೀ ಸಾಲುಗಟ್ಟಿ, ಎತ್ತು ಮಲಗಿ,
ಬೆಳಗ್ಗೆ ಒಂದೊಂದೇ ಅಂಡಿಗೆ ಕೊಕ್ಕೆಗೇರಿ
ಮುಳ್ಳು ನಡುವಿಗೆ ಬಂದು ನಿಂತೊಡನೆ
ಅಜ್ಜ ಮಣ, ಸೇರು ಕೂಗುತ್ತಿದ್ದನಂತೆ
ಪಾಸಾದ ಮಕ್ಕಳ ಹೆಸರು ಕೂಗಿದ ಹಾಗೆ.

ಆಮೇಲೆ ಗಾಡಿಗೆ ಗಾಡಿಯೇ ತೂಗುವ ಕಾಟಾ ಬಂತು.
ಹಳೆಯದರಲ್ಲಿ ಉಳಿದದ್ದು
ಎರಡು ಮತ್ತಿಮರದ ಕಂಬ, ಮೇಲೊಂದು ತೊಲೆ.
ಅದನ್ನು ನೋಡಿ ಬ್ಲೋ ರೂಮಿನ ಬಡೇಸಾಬ್ ಅಂದನಂತೆ:
‘ಲೇ, ಇದು ಗೋಲು ಕಣ್ರಲೇ.’
ಅಷ್ಟೇ ಶಂಕುಸ್ಥಾಪನೆ.

ಬ್ಲಾಡರು ಒಡೆದ ಚೆಂಡಿಗೆ ಚಿಂದಿ ಹತ್ತಿ ತುರುಕಿ
ಸ್ಪಿನ್ನಿಂಗಿನವರ ಮೇಲೆ ವೀವಿಂಗಿನವರು;
ಮಳೆ ಬಂದರೆ ಚೆಂಡು ನೀರು ಕುಡಿದು ಬಸುರಿ,
ಒದ್ದವನ ಕಾಲೇ ಉಳುಕಿ.
ಆಚೆ ತುದಿಗೆ ಬಿದಿರಿನ ಗೋಲು ನೆಟ್ಟರು,
ಒಂದೂವರೆ ಗೇಣು ಅಗಲ ಕಮ್ಮಿ.
ಅರ್ಧ ಆಟಕ್ಕೆ ದಿಕ್ಕು ಬದಲಿಸಿದರೆ ಸಮ ಆತಲ್ಲ,
ಅಂದವನು ಅಜ್ಜ.
ತೂಕದವನ ಮಾತು. ಎದುರಿಲ್ಲ.

ಎದುರಿಗೆ ಇರಲಿಲ್ಲ. ಬೆನ್ನ ಹಿಂದೆ ಇತ್ತು:
‘ತೂಕದವರ ಹೆಬ್ಬೆರಳು
ಅಂಡಿಗೆಗೆ ಎರಡು ಸೇರು ತಿನ್ನುತ್ತೆ.’
ಮದುವೆಮನೆ ಪಂಕ್ತಿಯಲ್ಲಿ ಯಾರೋ ಅಂದದ್ದು
ನನ್ನ ಏಳು ವರ್ಷದ ಕಿವಿಗೆ ಬಿತ್ತು.
ಮಾರನೇ ದಿನ ಕಿರಾಣಿ ಅಂಗಡಿಯ ತಟ್ಟೆಗೆ
ಹೆಬ್ಬೆರಳಿಟ್ಟು ನೋಡಿದೆ.
ಒತ್ತಿದಷ್ಟು ತೂಗಿತು.
ಅಪ್ಪನನ್ನು ಕೇಳಿದೆ. ಬೀಡಿ ಹೊತ್ತಿಸಿಕೊಂಡು
‘ಹೋಗು, ಚಿಕ್ಕಪ್ಪನ ಮ್ಯಾಚ್ ಐತೆ’ ಅಂದ.

ಚಿಕ್ಕಪ್ಪ ಮರುಳಸಿದ್ಧ, ಬೆನ್ನಿಗೆ ಹತ್ತನೇ ನಂಬರು,
ಹರಿಹರದ ಟೀಮಿನ ಮೇಲೆ, ಅಜ್ಜನ ಕಂಬದ ಮುಂದೆ
ಪೆನಾಲ್ಟಿ.
ಕೀಪರ್ ಆಗಲೇ ಎಡಕ್ಕೆ ಬಿದ್ದಿದ್ದ, ಬಾಗಿಲು ಹಾರುಹೊಡೆದಿತ್ತು.
ಚೆಂಡು ಹೋಗಿ ತೊಲೆಗೆ ಬಡಿದು ವಾಪಸ್ ಬಂತು.
‘ತೂಕ ಜಾಸ್ತಿ ಆತು!’ ಅಂದಿತೊಂದು ಗಂಟಲು.
ಇಡೀ ಮೈದಾನ ನಕ್ಕಿತು. ಚಿಕ್ಕಪ್ಪನೂ ನಕ್ಕ.
ಮತ್ತೆ ಆ ಬೂಟು ಮೊಳೆಯಿಂದ ಇಳಿಯಲಿಲ್ಲ.

ಮಿಲ್ಲಿನ ಸೈರನ್ ನಿಂತಿತು. ಕಂಬಕ್ಕೆ ಗೆದ್ದಲು ಹಿಡಿದು
ಆ ಜಾಗಕ್ಕೆ ಕಬ್ಬಿಣದ ಪೈಪು ಬಂತು.
ಕಾರ್ಪೊರೇಷನ್ ಕಳಿಸಿದ ಪೇಂಟರು ಗೋಡೆಗೆ
‘ತೂಕಡ ಮೈದಾನ’ ಅಂತ ಬರೆದು ಹೋದ.
ವಾರದೊಳಗೆ ಭಟ್ಟಿ ಹುಡುಗರು ಇದ್ದಿಲು ತಂದು
ಡಕಾರಕ್ಕೆ ಗುಡಿಸು ಹಾಕಿ, ಪಕ್ಕಕ್ಕೊಂದು ‘ಕೆ’ ತುರುಕಿ
ತೂಕಡಿಕೆ ಮೈದಾನ ಮಾಡಿದರು.

ಅಳಿಸಬೇಕೆಂದೇ ಹೋದೆ, ಚೀಲದಲ್ಲಿ ಒದ್ದೆ ಬಟ್ಟೆ.
ಮೂರು ಗಂಟೆಯ ಬಿಸಿಲು. ಗೋಡೆ ನೆರಳಲ್ಲಿ ವಾಚ್‌ಮನ್,
ಅವನ ಪಕ್ಕ ನಾಯಿ, ನಾಯಿ ಪಕ್ಕ ಅವನ ಚಪ್ಪಲಿ,
ಎಲ್ಲ ತೂಕಡಿಸುತ್ತಿದ್ದವು.
ಬರೆದವರದು ತಪ್ಪೇನೂ ಕಾಣಲಿಲ್ಲ.

ಕಾಲ ಬಳಿ ಚೆಂಡು ಉರುಳಿ ಬಂತು. ಎತ್ತಿಕೊಂಡೆ.
ಹಗುರ. ಹೆಬ್ಬೆರಳು ತೆಗೆದು ಹಿಡಿದೆ,
ಇನ್ನೂ ಅಷ್ಟೇ ಹಗುರ.
ಮೈಯೆಲ್ಲ ಹೊಟ್ಟಿನ ಮಸಿಯ ಹುಡುಗಿ ಓಡಿ ಬಂದಳು.
ಆಚೆ ಗೋಲು ಈಗಲೂ ಸಣ್ಣದೇನೇ?
‘ಹೂನ್ರಿ. ಅದು ಹಂಗೇ ಇರ್ಬೇಕಂತೆ.’
ಯಾರು ಹೇಳಿದ್ದು?
‘ತೂಕದವರು.’
ಯಾರವರು?
‘ನಂಗೇನು ಗೊತ್ತು. ಚೆಂಡು ಕೊಡ್ರಿ.’